ಪಾಲಿಮರ್‌ಗೆ ಉಪ್ಪಿನ ಪರೀಕ್ಷೆ: ಡೈಪರ್‌ನಿಂದ ಲಸಿಕೆಯವರೆಗೆ

ಈ ಲೋಟದ ತಳದಲ್ಲಿ ಒಂದು ಚಮಚ ಬಿಳಿ ಪುಡಿ ಇದೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಮುಂದಿನವರು ನೋಡಿ ಹೇಳಲಿ. ಮಕ್ಕಳ ಡೈಪರ್ ಒಂದನ್ನು ಹರಿದು, ಒಳಗಿನ ಹತ್ತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಚೆನ್ನಾಗಿ ಕೊಡವಿದರೆ ಸಿಗುವ ಪುಡಿ ಇದು. ಇದರ ಮೇಲೆ ಮುಕ್ಕಾಲು ಲೋಟ ನೀರು ಹಾಕುತ್ತೇನೆ. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಆ ಡಿಸ್ಟಿಲ್ಡ್ ವಾಟರ್. ಸ್ವಲ್ಪ ಹೊತ್ತು ಬಿಡೋಣ. ಈಗ ಲೋಟ ತಲೆಕೆಳಗು ಮಾಡಿದ್ದೇನೆ. ಒಂದು ಹನಿಯೂ ಬೀಳಲಿಲ್ಲ.

ಚಪ್ಪಾಳೆ ಈಗಲೇ ಬೇಡ. ಇದಕ್ಕೆ ಎರಡು ಚಮಚ ಅಡುಗೆ ಉಪ್ಪು ಹಾಕಿ ಕಲಸುತ್ತೇನೆ. ನೋಡ್ತಾ ಇರಿ. ಗಟ್ಟಿಯಾಗಿದ್ದ ಜೆಲ್ ಅಂಚಿನಿಂದ ಸಡಿಲವಾಗುತ್ತಿದೆ. ಚಮಚ ಸಲೀಸಾಗಿ ತಿರುಗುತ್ತಿದೆ. ಈಗ ಲೋಟ ಬಗ್ಗಿಸಿದರೆ ನೀರು ಸುರಿಯುತ್ತದೆ. ಪುಡಿ ಅದೇ, ನೀರೂ ಅದೇ. ಉಪ್ಪು ಬಂತು, ಹಿಡಿದಿದ್ದ ನೀರನ್ನು ಬಿಟ್ಟುಬಿಟ್ಟಿತು.

ಇವತ್ತು ನಾನು ಹೇಳಬೇಕೆಂದಿರುವುದು ಈ ಲೋಟದಲ್ಲೇ ಇದೆ. ಕೊಂಡಿಗೆ ಕೊಂಡಿ ಸೇರಿ ಆದ ಉದ್ದ ಅಣು, ಅಂದರೆ ಪಾಲಿಮರ್ ಆಗಲಿ, ಕಣ್ಣಿಗೆ ಕಾಣದಷ್ಟು ಚಿಕ್ಕ ನ್ಯಾನೊ ಕಣವಾಗಲಿ, ಅದಕ್ಕೊಂದು ಗುಣ ಕೊಡುವುದು ಅರ್ಧ ಕೆಲಸ. ಲ್ಯಾಬಿನ ಶುದ್ಧ ನೀರಿನಲ್ಲಿ ಅದು ಎಲ್ಲರ ಮುಂದೆ ಚೆನ್ನಾಗಿ ಕುಣಿಯುತ್ತದೆ. ಅದೇ ಗುಣ ರಕ್ತದಲ್ಲಿ, ಕಣ್ಣೀರಿನಲ್ಲಿ, ಬೋರ್‌ವೆಲ್ ನೀರಿನಲ್ಲಿ ಉಳಿಯಬೇಕಲ್ಲ? ನಮ್ಮ ಕ್ಷೇತ್ರದವರ ತಲೆನೋವೆಲ್ಲ ಅಲ್ಲೇ ಇರುವುದು.

ಪುಡಿಯ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಉದ್ದುದ್ದ ಅಣುಗಳು, ಬೇಯಿಸಿದ ಶಾವಿಗೆ ಎಳೆಗಳ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿವೆ. ಎಳೆಯ ಉದ್ದಕ್ಕೂ ಋಣ ಚಾರ್ಜು, ಪ್ರತಿಯೊಂದರ ಪಕ್ಕ ಒಂದು ಸೋಡಿಯಂ. ಅಲ್ಲಲ್ಲಿ ಎಳೆಗೂ ಎಳೆಗೂ ಗಂಟು ಹಾಕಿದೆ, ಅದಕ್ಕೆ ನಾವು ಕ್ರಾಸ್‌ಲಿಂಕ್ ಎನ್ನುತ್ತೇವೆ. ನೀರು ಬಿದ್ದೊಡನೆ ಸೋಡಿಯಂ ಎಳೆಯಿಂದ ಬಿಡುತ್ತದೆ. ಆದರೆ ದೂರ ಹೋಗುವಂತಿಲ್ಲ, ಋಣ ಚಾರ್ಜು ಅದನ್ನು ಅಲ್ಲೇ ಎಳೆದಿಟ್ಟುಕೊಳ್ಳುತ್ತದೆ. ಹಾಗಾಗಿ ಜೆಲ್ ಒಳಗೆ ಅಯಾನು, ಅಂದರೆ ಚಾರ್ಜು ಇರುವ ಕಣ, ಜಾಸ್ತಿ, ಹೊರಗೆ ಕಮ್ಮಿ. ಆ ವ್ಯತ್ಯಾಸ ತುಂಬಲು ನೀರು ಒಳಗೆ ನುಗ್ಗುತ್ತದೆ. ಗಂಟುಗಳಿರುವುದರಿಂದ ಎಳೆಗಳು ಕರಗಿ ಹೋಗುವುದಿಲ್ಲ, ಉಬ್ಬುತ್ತವೆ ಅಷ್ಟೆ. ಹೊರಗಿನ ನೀರಿಗೇ ಉಪ್ಪು ಸುರಿದರೆ? ಒಳಗೂ ಹೊರಗೂ ವ್ಯತ್ಯಾಸ ಇಳಿಯುತ್ತದೆ, ನೀರಿಗೆ ಒಳಗಿರಲು ಕಾರಣವೇ ಇರುವುದಿಲ್ಲ. ಶುದ್ಧ ನೀರನ್ನು ತನ್ನ ತೂಕದ ಕೆಲವು ನೂರು ಪಟ್ಟು ಹೀರುವ ಈ ಪುಡಿ, ಮೂತ್ರದಷ್ಟು ಉಪ್ಪಿರುವ ನೀರನ್ನು ಸುಮಾರು 30ರಿಂದ 50 ಪಟ್ಟು ಮಾತ್ರ ಹೀರುತ್ತದೆ. ಪ್ಯಾಕೆಟ್ ಮೇಲೆ ದೊಡ್ಡ ಸಂಖ್ಯೆ ಬರೆದಿದ್ದರೆ ಅದು ಯಾವ ನೀರಿನಲ್ಲಿ ಅಳೆದಿದ್ದು ಎಂದು ಕೇಳಿ.

ಗಂಟು ಎಷ್ಟಿರಬೇಕು ಅನ್ನುವುದರಲ್ಲೂ ಜಗ್ಗಾಟ ಇದೆ. ಗಂಟು ಕಮ್ಮಿಯಾದರೆ ನೀರು ಜಾಸ್ತಿ ಹಿಡಿಯುತ್ತದೆ, ಆದರೆ ಜೆಲ್ ಲೊಳಲೊಳ. ಮಗು ಅದರ ಮೇಲೆ ಕೂತರೆ ನೀರು ಹೊರಗೆ ಬರುತ್ತದೆ. ಗಂಟು ಜಾಸ್ತಿಯಾದರೆ ಜೆಲ್ ಗಟ್ಟಿ, ಆದರೆ ನೀರೇ ಹಿಡಿಯುವುದಿಲ್ಲ. ಕಾರ್ಖಾನೆಯವರು ಕಂಡುಕೊಂಡ ದಾರಿ ಏನೆಂದರೆ, ಕಣದ ಒಳಗೆ ಗಂಟು ಕಮ್ಮಿ, ಹೊರಮೈಯಲ್ಲಿ ಮಾತ್ರ ಜಾಸ್ತಿ. ಒಳಭಾಗ ನೀರು ಹೀರುತ್ತದೆ, ಹೊರಮೈ ಭಾರ ತಡೆಯುತ್ತದೆ. ಜೊತೆಗೆ, ಒದ್ದೆಯಾದ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿನ ಪುಡಿಗೆ ನೀರು ಹೋಗದಂತೆ ಅಡ್ಡಗಟ್ಟುವುದೂ ತಪ್ಪುತ್ತದೆ. ಮಗು ಅಳದೆ ಮಲಗಿದ್ದರೆ ಆ ಹೊರಮೈಗೂ ಒಂದಿಷ್ಟು ಶ್ರೇಯಸ್ಸು ಕೊಡಬೇಕು.

ಅಂದಹಾಗೆ ಈ ಬಗೆಯ ಜೆಲ್ ಮೊದಲು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಪಿಷ್ಟಕ್ಕೆ ಹೊಸ ಉಪಯೋಗ ಹುಡುಕುತ್ತಿದ್ದರು. 1970ರ ದಶಕದಲ್ಲಿ ಪಿಷ್ಟಕ್ಕೆ ಪಾಲಿಮರ್ ಎಳೆ ಕಸಿ ಮಾಡಿದಾಗ ಸಿಕ್ಕಿದ ಪದಾರ್ಥಕ್ಕೆ ಅವರು ಸೂಪರ್ ಸ್ಲರ್ಪರ್ ಅಂತ ತಮಾಷೆಯ ಹೆಸರಿಟ್ಟರು. ಮಣ್ಣಿನಲ್ಲಿ ತೇವ ಉಳಿಸಲು ಬಳಸಬಹುದೆಂಬ ಆಸೆ ಆಗಲೇ ಇತ್ತು. ನಮ್ಮ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರೂ ಪೂಸಾ ಹೈಡ್ರೋಜೆಲ್ ಮಾಡಿದ್ದಾರೆ, ಅದು ಸೆಲ್ಯುಲೋಸ್ ಆಧಾರಿತ. ಹೊಲಕ್ಕೆ ಇಂಥದ್ದನ್ನು ಹಾಕುವ ರೈತರಿಗೆ ನನ್ನ ಮಾತು ಒಂದೇ. ಒಂದು ಚಿಟಿಕೆಯನ್ನು ಮಳೆ ನೀರಿನಲ್ಲಿ, ಇನ್ನೊಂದನ್ನು ನಿಮ್ಮ ಬೋರ್‌ವೆಲ್ ನೀರಿನಲ್ಲಿ ಹಾಕಿ ನೋಡಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಅವುಗಳಿಗೆ ಎರಡೆರಡು ಧನ ಚಾರ್ಜು. ಒಂದೊಂದು ಕ್ಯಾಲ್ಸಿಯಂ ಎರಡು ಋಣ ಚಾರ್ಜನ್ನು ಹಿಡಿದು ಹೊಸ ಗಂಟು ಹಾಕಿಬಿಡುತ್ತದೆ. ಅಡುಗೆ ಉಪ್ಪಿಗಿಂತ ಅದರ ಕಾಟ ಜಾಸ್ತಿ.

ಚಾರ್ಜಿನಿಂದ ಇಷ್ಟು ತೊಂದರೆ ಅಂದ್ರೆ, ಚಾರ್ಜೇ ಇಲ್ಲದ ಜೆಲ್ ಮಾಡಬಹುದಲ್ವಾ? ಮಾಡಬಹುದು. ನಿಮ್ಮಲ್ಲಿ ಕೆಲವರು ಈಗ ಅದನ್ನು ಕಣ್ಣಿಗೇ ಹಾಕಿಕೊಂಡು ಕೂತಿದ್ದೀರಿ.

ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾಡಿದವರು ಚೆಕೊಸ್ಲೊವಾಕಿಯಾದ ಪ್ರಾಗ್‌ನ ರಸಾಯನಶಾಸ್ತ್ರಜ್ಞ ಓಟೊ ವಿಕ್ಟರ್ಲೆ. ಅವರ ಜೆಲ್‌ನ ಎಳೆಯಲ್ಲಿ ಚಾರ್ಜಿನ ಬದಲು ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರೆಂದರೆ ಅವಕ್ಕೂ ಇಷ್ಟ, ಆದರೆ ಅಯಾನುಗಳ ಹಂಗಿಲ್ಲ. ನೂರಕ್ಕೆ ಸುಮಾರು 38 ಭಾಗ ನೀರು ಹಿಡಿದು ನಿಲ್ಲುತ್ತದೆ. ಕಣ್ಣೀರು ಉಪ್ಪು, ನಲ್ಲಿ ನೀರು ಸಪ್ಪೆ, ಎರಡರಲ್ಲೂ ಲೆನ್ಸಿನ ಗಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಗಾತ್ರ ಬದಲಾದರೆ ಲೆನ್ಸಿನ ಪವರ್ ಬದಲಾಗುತ್ತೆ, ನೋಟ ಮಸುಕಾಗುತ್ತೆ. ಕಣ್ಣಿನೊಳಗೆ ಡೈಪರ್ ಪುಡಿಯ ಸ್ವಭಾವ ನಡೆಯುವುದಿಲ್ಲ.

ವಿಕ್ಟರ್ಲೆ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1958ರಲ್ಲಿ ರಾಜಕೀಯ ಕಾರಣಕ್ಕೆ ಅವರನ್ನು ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿಂದ ತೆಗೆದುಹಾಕಿದರು. ಜೆಲ್ ಸಿದ್ಧವಿತ್ತು, 1960ರಲ್ಲಿ ಪ್ರಬಂಧವೂ ಬಂದಿತ್ತು. ಆದರೆ ಅಂಚು ನುಣುಪಾಗಿರುವ ಲೆನ್ಸ್ ಮಾಡುವುದು ಆಗುತ್ತಿರಲಿಲ್ಲ. ಅಚ್ಚಿನಿಂದ ಬಿಡಿಸುವಾಗ ಹರಿಯುತ್ತಿತ್ತು. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲೇ, ಮಕ್ಕಳು ಆಡುವ ಮೆರ್ಕೂರ್ ಎಂಬ ಲೋಹದ ಜೋಡಣೆ ಆಟಿಕೆ ಮತ್ತು ಸೈಕಲ್ ಡೈನಮೊ ಸೇರಿಸಿ ಒಂದು ಯಂತ್ರ ಮಾಡಿದರು. ತಿರುಗುವ ಅಚ್ಚಿನೊಳಗೆ ದ್ರವದ ಹನಿ ಹಾಕಿದರೆ ಅದು ತಾನೇ ಬಟ್ಟಲಿನ ಆಕಾರಕ್ಕೆ ಹರಡಿ ಅಲ್ಲೇ ಗಟ್ಟಿಯಾಗುತ್ತದೆ. ಅಂಚು ನುಣುಪು! ವೇಗ ಹೆಚ್ಚು ಕಡಿಮೆ ಮಾಡಿ ಪವರ್ ಬದಲಿಸಬಹುದು. 1971ರಲ್ಲಿ ಅಮೆರಿಕದಲ್ಲಿ ಈ ಲೆನ್ಸಿಗೆ ಅನುಮತಿ ಸಿಕ್ಕಿತು. ಹಕ್ಕನ್ನು ಅವರ ಸರ್ಕಾರ ಮೊದಲೇ ಮಾರಿಬಿಟ್ಟಿತ್ತು, ಅದು ಬೇರೆ ಮಾತು.

ಮುಂದೆ ಕೆಲವು ಕಂಪನಿಗಳು ಲೆನ್ಸಿನಲ್ಲಿ ನೀರಿನ ಪ್ರಮಾಣ ಹೆಚ್ಚಿಸಲೆಂದು ಸ್ವಲ್ಪ ಋಣ ಚಾರ್ಜು ಸೇರಿಸಿದವು. ನೀರು ಹೆಚ್ಚಿತು. ಆದರೆ ಕಣ್ಣೀರಿನಲ್ಲಿ ಲೈಸೋಜೈಮ್ ಎಂಬ ಪ್ರೋಟೀನ್ ಇದೆ, ಅದಕ್ಕೆ ಧನ ಚಾರ್ಜು. ಅದು ಬಂದು ಲೆನ್ಸಿಗೆ ಅಂಟಿಕೊಳ್ಳಲು ಶುರುವಾಯಿತು. ಒಂದು ಗುಣ ಬೇಕೆಂದು ಚಾರ್ಜು ಕೊಟ್ಟರೆ ಕರೆಯದ ನೆಂಟರೂ ಬರುತ್ತಾರೆ.

ಉಪ್ಪು ಯಾವಾಗಲೂ ಶತ್ರು ಅಂದುಕೊಳ್ಳಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರಿಗೆ ವಾಟರ್ ಸಾಫ್ಟನರ್ ಗೊತ್ತು. ಅದರೊಳಗಿನ ಹಳದಿ ಮಣಿಗಳು ಪಾಲಿಸ್ಟೈರೀನ್, ಅದೇ ಥರ್ಮಾಕೋಲಿನ ಪಾಲಿಮರ್. ಗಂಟು ಹಾಕಿ, ಸಲ್ಫೋನೇಟ್ ಎಂಬ ಋಣ ಚಾರ್ಜಿನ ಗುಂಪು ಕೂರಿಸಿದ್ದಾರೆ. ಗಡಸು ನೀರು ಹಾಯುವಾಗ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಮಣಿ ತುಂಬಿದ ಮೇಲೆ ಗಾಢ ಉಪ್ಪುನೀರು ಹಾಯಿಸಿದರೆ, ಸೋಡಿಯಂ ಸಂಖ್ಯಾಬಲದಿಂದ ಕ್ಯಾಲ್ಸಿಯಂ ಅನ್ನು ತಳ್ಳುತ್ತದೆ, ಮಣಿ ಮತ್ತೆ ಹೊಸದು. ನಮ್ಮ ಲೋಟದಲ್ಲಿ ಕೆಲಸ ಕೆಡಿಸಿದ ಉಪ್ಪೇ ಇಲ್ಲಿ ಕೆಲಸಕ್ಕೆ ಮರಳಿಸುತ್ತದೆ. ಒಂದು ವಿಷಯ ನೆನಪಿಡಿ, ಸಾಫ್ಟನರ್ ಹಾಕಿದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಇಳಿಯುವುದಿಲ್ಲ. ಒಂದು ಲವಣ ಹೋಗಿ ಇನ್ನೊಂದು ಬಂತು ಅಷ್ಟೆ. ಆ ಉಪ್ಪುನೀರು ಚರಂಡಿಗೆ ಹೋಗುತ್ತದೆ ಎನ್ನುವುದನ್ನು ಸಾಫ್ಟನರ್ ಮಾರುವವರು ಹೇಳುವುದು ಕಮ್ಮಿ.

ಲವಣವನ್ನೇ ತಡೆಯಬೇಕೆಂದರೆ ಆರ್‌ಓ. 1959-60ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ಮೂಲಕ ಒತ್ತಡ ಹಾಕಿ ಸಮುದ್ರ ನೀರು ಹಾಯಿಸುತ್ತಿದ್ದರು. ವಿಚಿತ್ರವೆಂದರೆ, ಹಾಳೆಯ ಒಂದು ಮುಖ ಉಪ್ಪುನೀರಿಗೆ ಎದುರಾಗಿಟ್ಟರೆ ಕೆಲಸ ಆಗುತ್ತಿತ್ತು, ತಿರುಗಿಸಿ ಇಟ್ಟರೆ ಇಲ್ಲ. ಒಂದು ಮುಖದ ಮೇಲೆ ಮಾತ್ರ ತೀರಾ ತೆಳುವಾದ, ಒತ್ತಾದ ಪೊರೆ ಇತ್ತು. ಉಪ್ಪನ್ನು ತಡೆಯುತ್ತಿದ್ದುದು ಅದೊಂದೇ. ಉಳಿದ ದಪ್ಪವೆಲ್ಲ ಬರೀ ಆಸರೆ. ಹಾಗಾದರೆ ಪೊರೆ ಎಷ್ಟು ತೆಳುವಾದರೆ ಅಷ್ಟು ಒಳ್ಳೆಯದು ಎಂದು ಹೊರಟವರು ಜಾನ್ ಕ್ಯಾಡೊಟ್. 1970ರ ದಶಕದ ಅವರ ಉಪಾಯ ನನಗೆ ಇವತ್ತಿಗೂ ಅಚ್ಚುಮೆಚ್ಚು. ನೀರಿನಲ್ಲಿ ಒಂದು ರಾಸಾಯನಿಕ, ಎಣ್ಣೆಯಂಥ ದ್ರಾವಕದಲ್ಲಿ ಇನ್ನೊಂದು. ಎರಡೂ ಸೇರುವ ಗಡಿಯಲ್ಲಿ ತಕ್ಷಣ ಪಾಲಿಅಮೈಡ್ ಪೊರೆ ಕಟ್ಟುತ್ತದೆ. ಕಟ್ಟಿದ ಪೊರೆಯೇ ಅವೆರಡನ್ನೂ ಬೇರೆ ಮಾಡುತ್ತದೆ, ಹಾಗಾಗಿ ಕ್ರಿಯೆ ತಾನಾಗಿಯೇ ನಿಲ್ಲುತ್ತದೆ. ದಪ್ಪ 100-200 ನ್ಯಾನೊಮೀಟರ್, ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗೆ ನ್ಯಾನೊಮೀಟರ್ ಎನ್ನುತ್ತೇವೆ. ಯಾರೂ ಅಳೆದು ಕತ್ತರಿಸಬೇಕಾಗಿಲ್ಲ. ನಿಮ್ಮ ಅಡುಗೆಮನೆಯ ಆರ್‌ಓ ಒಳಗೆ ಸುರುಳಿ ಸುತ್ತಿಟ್ಟಿರುವುದು ಇದನ್ನೇ.

ಇದಕ್ಕೂ ಒಂದು ದೌರ್ಬಲ್ಯ ಇದೆ, ಕ್ಲೋರಿನ್. ಕೀಟಾಣು ಸಾಯಲೆಂದು ಊರಿನ ನೀರಿಗೆ ಹಾಕುವ ಕ್ಲೋರಿನ್ ಪಾಲಿಅಮೈಡ್ ಅನ್ನು ತಿಂದುಹಾಕುತ್ತದೆ. ಅದಕ್ಕೇ ಮೆಂಬ್ರೇನ್‌ಗೆ ಮೊದಲು ಇದ್ದಿಲಿನ ಕಾರ್ಟ್ರಿಜ್ ಇರುವುದು. ಸರ್ವಿಸ್ ಹುಡುಗ ಕಾರ್ಬನ್ ಬದಲಾಯಿಸಬೇಕು ಸಾರ್ ಅಂದರೆ ಯಾವಾಗಲೂ ಸುಮ್ನೆ ದುಡ್ಡಿಗಾಗಿ ಹೇಳುತ್ತಾನೆ ಅಂದುಕೊಳ್ಳಬೇಡಿ.

ಈಗ ದೇಹದೊಳಗೆ ಹೋಗೋಣ. ಮೊದಲು ಹೊಲಿಗೆ ದಾರ. ಪಾಲಿಗ್ಲೈಕಾಲಿಕ್ ಆಸಿಡ್ ಎಂಬ ಪಾಲಿಮರ್ ಬಟ್ಟೆಗೆ ನಾಲಾಯಕ್ ಎನಿಸಿಕೊಂಡಿತ್ತು, ಕಾರಣ ನೀರು ತಾಗಿದರೆ ನಿಧಾನವಾಗಿ ಮುರಿಯುತ್ತಿತ್ತು. ಶಸ್ತ್ರಚಿಕಿತ್ಸೆಯವರಿಗೆ ಬೇಕಾಗಿದ್ದೇ ಅದು. ಅದಕ್ಕೆ ಹತ್ತರಲ್ಲೊಂದು ಪಾಲು ಲ್ಯಾಕ್ಟಿಕ್ ಆಸಿಡ್ ಬೆರೆಸಿದ ದಾರ 1970ರ ದಶಕದಿಂದ ಬಳಕೆಯಲ್ಲಿದೆ. ಮೂರು ವಾರಕ್ಕೆ ಬಲ ಅರ್ಧಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಗಾಯ ಕೂಡಿರುತ್ತದೆ. ಸುಮಾರು ಎರಡು ತಿಂಗಳಲ್ಲಿ ದಾರವೇ ಇರುವುದಿಲ್ಲ. ಬೆರಕೆಯ ಪ್ರಮಾಣ ಬದಲಿಸಿ ಕರಗುವ ಸಮಯ ಬದಲಿಸಬಹುದು. ಇದೇ ಜಾತಿಯ ಪಾಲಿಮರ್ ಒಳಗೆ ಔಷಧಿ ತುಂಬಿ ತಿಂಗಳಿಗೊಂದು ಇಂಜೆಕ್ಷನ್ ಮಾಡಿದ್ದಾರೆ.

ಇನ್ನು ಎಂಆರ್‌ಎನ್‌ಎ ಲಸಿಕೆ. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್, ಅವು ಬೇರೆ ಬಗೆ. ಅಮೆರಿಕ, ಯುರೋಪಿನಲ್ಲಿರುವ ನಿಮ್ಮ ಮಕ್ಕಳು, ನೆಂಟರು ಇದನ್ನು ಹಾಕಿಸಿಕೊಂಡಿರುತ್ತಾರೆ. ಪ್ರೋಟೀನ್ ಮಾಡಲು ಕೋಶಕ್ಕೆ ಸೂಚನೆ ಒಯ್ಯುವ ಎಂಆರ್‌ಎನ್‌ಎ ಕೂಡ ಪಾಲಿಮರೇ. ಕೋವಿಡ್ ಲಸಿಕೆಯಲ್ಲಿ ನಾಲ್ಕು ಸಾವಿರದ ಆಸುಪಾಸು ಕೊಂಡಿಗಳು, ಒಂದೊಂದು ಕೊಂಡಿಗೂ ಒಂದು ಋಣ ಚಾರ್ಜು. ನಮ್ಮ ಜೀವಕೋಶದ ಹೊರಮೈಯೂ ಋಣ. ಬರೀ ಎಂಆರ್‌ಎನ್‌ಎ ಚುಚ್ಚಿದರೆ ಕೋಶ ಒಳಗೆ ಬಿಡುವುದಿಲ್ಲ, ಅಷ್ಟರಲ್ಲಿ ಕಿಣ್ವಗಳು ಅದನ್ನು ಚೂರು ಮಾಡಿರುತ್ತವೆ. ಧನ ಚಾರ್ಜಿನ ಕೊಬ್ಬಿನ ಅಣುಗಳಿಂದ ಸುತ್ತಿದರೆ ಆಗದೇ? ಸುತ್ತಬಹುದು. ಆದರೆ ರಕ್ತದಲ್ಲಿ ಕಂಡಕಂಡದ್ದಕ್ಕೆಲ್ಲ ಅಂಟುತ್ತದೆ, ಕೋಶಗಳಿಗೆ ವಿಷವೂ ಆಗುತ್ತದೆ.

ಇಲ್ಲಿ ಬಂದ ಜಾಣತನ ನೋಡಿ. ಇರುವ ಜಾಗ ನೋಡಿ ಚಾರ್ಜು ಬರುವ, ಹೋಗುವ ಲಿಪಿಡ್, ಅಂದರೆ ಕೊಬ್ಬಿನ ಅಣು, ಮಾಡಿದರು. ಹುಳಿ ಇದ್ದರೆ ಧನ ಚಾರ್ಜು, ಇಲ್ಲದಿದ್ದರೆ ತಟಸ್ಥ. ಹುಳಿಯ ಅಳತೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಕಾರ್ಖಾನೆಯಲ್ಲಿ ಪಿಎಚ್ 4ರ ಹತ್ತಿರ ಬೆರೆಸುತ್ತಾರೆ, ಆಗ ಲಿಪಿಡ್ ಧನ, ಎಂಆರ್‌ಎನ್‌ಎಯನ್ನು ಅಪ್ಪಿಕೊಳ್ಳುತ್ತದೆ. ನಂತರ ಪಿಎಚ್ ಅನ್ನು ರಕ್ತದ ಮಟ್ಟಕ್ಕೆ, 7.4ಕ್ಕೆ ಏರಿಸುತ್ತಾರೆ. ಚಾರ್ಜು ಮಾಯ. ಸುಮಾರು 100 ನ್ಯಾನೊಮೀಟರಿನ ಕಣ, ಯಾರ ತಂಟೆಗೂ ಹೋಗದೆ ಓಡಾಡುತ್ತದೆ. ಕೋಶ ಅದನ್ನು ನುಂಗಿ ಒಂದು ಪುಟ್ಟ ಚೀಲದೊಳಗೆ ಇಡುತ್ತದೆ. ಜೀರ್ಣ ಮಾಡಲೆಂದು ಆ ಚೀಲದೊಳಗೆ ಹುಳಿ ಏರಿಸುತ್ತದೆ, ಪಿಎಚ್ ಆರು, ಐದೂವರೆ. ಲಿಪಿಡ್‌ಗೆ ಮತ್ತೆ ಧನ ಚಾರ್ಜು ಬಂತು. ಚೀಲದ ಗೋಡೆ ಋಣ, ಅದಕ್ಕೆ ಅಂಟಿ ಗೋಡೆಯನ್ನೇ ಹರಿಯುತ್ತದೆ. ಎಂಆರ್‌ಎನ್‌ಎ ಹೊರಗೆ. ಕೋಶ ಕೊಲ್ಲಲು ಹಾಕಿದ ಹುಳಿಯೇ ಬಾಗಿಲು ತೆರೆಯಿತು.

ಕೇಳಲು ಚೆನ್ನಾಗಿದೆ. ಆದರೆ ಇದೇ ಬಗೆಯ ಕಣಗಳಲ್ಲಿ ಚಿಕ್ಕ ಆರ್‌ಎನ್‌ಎ ತುಂಬಿ 2013ರಲ್ಲಿ ಲೆಕ್ಕ ಹಾಕಿದಾಗ, ಕೋಶ ನುಂಗಿದ್ದರಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ ಚೀಲದಿಂದ ಪಾರಾಗಿತ್ತು. ಲಸಿಕೆಗೆ ಚಿಂತೆ ಇಲ್ಲ, ಸ್ವಲ್ಪ ಪಾರಾದರೂ ಸಾಕು, ಒಂದು ಎಂಆರ್‌ಎನ್‌ಎಯಿಂದ ಎಷ್ಟೋ ಪ್ರೋಟೀನ್ ಆಗುತ್ತದೆ.

ಕ್ಯಾನ್ಸರ್‌ನಲ್ಲಿ ಕಥೆ ಅಷ್ಟು ಸುಲಭವಲ್ಲ. ನ್ಯಾನೊ ಕಣ ನೇರ ಗೆಡ್ಡೆಗೇ ಹೋಗಿ ಔಷಧಿ ಸುರಿಯುತ್ತದೆ ಎಂಬ ಚಿತ್ರ ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತು. ಚುಚ್ಚಿದ ಕಣಗಳಲ್ಲಿ ಗೆಡ್ಡೆ ತಲುಪಿದ ಪಾಲು, ನಡುಮಟ್ಟದ ಲೆಕ್ಕದಲ್ಲಿ, ನೂರಕ್ಕೆ 0.7. ನಮ್ಮ ಕ್ಷೇತ್ರದಲ್ಲಿ ಅದಕ್ಕೆ ಸಾಕಷ್ಟು ಗಲಾಟೆಯೂ ಆಯಿತು. ಹೆಚ್ಚಿನ ಕಣಗಳನ್ನು ಯಕೃತ್ತು, ಗುಲ್ಮ ಹಿಡಿದುಬಿಡುತ್ತವೆ, ಅವುಗಳ ಕೆಲಸವೇ ಅದು. ಹಾಗಂತ ನ್ಯಾನೊ ಔಷಧಿ ದಂಡ ಅನ್ನಲಾಗದು. 1995ರಲ್ಲಿ ಅನುಮತಿ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರಿನ ನ್ಯಾನೊ ಔಷಧಿ ಹೃದಯಕ್ಕೆ ಆಗುತ್ತಿದ್ದ ಹಾನಿ ಕಮ್ಮಿ ಮಾಡಿತು, ರೋಗಿಗೆ ಅದು ಸಣ್ಣ ವಿಷಯವಲ್ಲ. ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು 2018ರಲ್ಲಿ ಬಂದ ಪ್ಯಾಟಿಸಿರಾನ್ ಎಂಬ ನ್ಯಾನೊ ಔಷಧಿ. ಕಣ ಹೇಗೂ ಯಕೃತ್ತಿಗೇ ಹೋಗುತ್ತದೆ, ಹಾಗಾದರೆ ಯಕೃತ್ತು ತಯಾರಿಸುವ ಪ್ರೋಟೀನಿನಿಂದ ಬರುವ ಕಾಯಿಲೆಯನ್ನೇ ಹಿಡಿಯೋಣ ಎಂದರು. ದೇಹದ ಜೊತೆ ಜಗಳಕ್ಕೆ ಹೋಗಲಿಲ್ಲ.

ನ್ಯಾನೊ ಅಂತ ಹೆಸರಿಟ್ಟು ಮಾರುವುದೆಲ್ಲ ಹೊಸದೂ ಅಲ್ಲ. ಬೈಕಿನ ಟೈರ್ ಕಪ್ಪಗಿರುವುದು ಕಾರ್ಬನ್ ಬ್ಲ್ಯಾಕ್‌ನಿಂದ, ಅದು ಹತ್ತಾರು ನ್ಯಾನೊಮೀಟರಿನ ಮಸಿ. ರಬ್ಬರಿಗೆ ಸವೆತ ತಡೆಯುವ ಶಕ್ತಿ ಕೊಡುವುದು ಅದೇ, ನೂರು ವರ್ಷದಿಂದ. ಇನ್ನು ವಾಸನೆ ಬಾರದ ಬೆಳ್ಳಿ ನ್ಯಾನೊ ಕಾಲುಚೀಲ. 2008ರಲ್ಲಿ ಅರಿಜೋನಾದ ಇಬ್ಬರು ಸಂಶೋಧಕರು ಅಂಗಡಿಯಿಂದ ಇಂಥ ಕಾಲುಚೀಲ ತಂದು ನೀರಿನಲ್ಲಿ ಒಗೆದರು. ಕೆಲವು ಚೀಲಗಳ ಬೆಳ್ಳಿ ಕೆಲವೇ ಒಗೆತಕ್ಕೆ ಪೂರ್ತಿ ನೀರಿಗೆ ಹೋಗಿತ್ತು. ವಾಸನೆ ವಾಪಸ್, ಬೆಳ್ಳಿ ಚರಂಡಿಗೆ. ಕಣ ಮಾಡಿದವರು ಅದನ್ನು ಹಿಡಿದಿಡುವುದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಹಿಡಿದಿಡುವುದನ್ನು ಮನಸ್ಸಿಟ್ಟು ಮಾಡಿದ ಉದಾಹರಣೆ ಮದರಾಸಿನ ಐಐಟಿಯಲ್ಲಿದೆ. ಪ್ರೊ. ಟಿ. ಪ್ರದೀಪ್ ಅವರ ತಂಡದ್ದು. ಕುಡಿಯುವ ನೀರಿನ ಆರ್ಸೆನಿಕ್ ತೆಗೆಯಲು ಕಬ್ಬಿಣದ ಒಂದು ಖನಿಜ, ಫೆರಿಹೈಡ್ರೈಟ್, ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ ಅತಿ ಚಿಕ್ಕದು, ಮೈ ಜಾಸ್ತಿ. ಆದರೆ ಅದು ಸ್ಥಿರವಲ್ಲ. ದಿನ ಕಳೆದಂತೆ ತಾನೇ ಬೇರೆ ಖನಿಜವಾಗಿ ದಪ್ಪಗಾಗುತ್ತದೆ, ಆರ್ಸೆನಿಕ್ ಹಿಡಿಯುವ ಜಾಗ ಕಳೆದುಕೊಳ್ಳುತ್ತದೆ. ಅವರು ಇದನ್ನು ಕೈಟೊಸಾನ್ ಪಾಲಿಮರಿನ ಸಂದುಗಳಲ್ಲಿ ಬೆಳೆಸಿದರು. ಕೈಟೊಸಾನ್ ಬರುವುದು ಸೀಗಡಿ, ಏಡಿ ಚಿಪ್ಪಿನಿಂದ. ಕಣಕ್ಕೆ ದೊಡ್ಡದಾಗಲು ಜಾಗವಿಲ್ಲ, ಬದಲಾಗಲೂ ಆಗುವುದಿಲ್ಲ. ಮಾಡುವುದು ನೀರಿನಲ್ಲೇ, ಕೋಣೆಯ ಉಷ್ಣತೆಯಲ್ಲೇ, ಕುಲುಮೆ ಬೇಕಿಲ್ಲ. ಆರ್ಸೆನಿಕ್ ಅಂದರೆ ಬಂಗಾಳದ ಸಮಸ್ಯೆ ಅಂತ ಕೈ ತೊಳೆದುಕೊಳ್ಳಬೇಡಿ. ನಮ್ಮ ರಾಯಚೂರು, ಯಾದಗಿರಿ ಕಡೆ ಚಿನ್ನದ ಅದಿರಿನ ಪಟ್ಟಿಯ ಕೆಲವು ಹಳ್ಳಿಗಳ ಅಂತರ್ಜಲದಲ್ಲೂ ಅದು ಸಿಕ್ಕಿದೆ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ರುಚಿ, ಬಣ್ಣ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ.

ಪ್ರಶ್ನೆಗಳಲ್ಲಿ ಒಂದನ್ನು ಹಲವರು ಕೇಳಿದ್ದೀರಿ, ಮನೆಗೆ ಆರ್‌ಓ ಬೇಕಾ ಅಂತ. ಮಾರುವವನು ತಂದ ಟಿಡಿಎಸ್ ಮೀಟರ್ ನೋಡಿ ತೀರ್ಮಾನ ಮಾಡಬೇಡಿ. ಅದು ನೀರಿನಲ್ಲಿ ಒಟ್ಟು ಅಯಾನು ಎಷ್ಟಿದೆ ಅಂತ ಅಂದಾಜು ಹೇಳುತ್ತದೆ, ಯಾವುದಿದೆ ಅಂತ ಹೇಳುವುದಿಲ್ಲ. ನಮ್ಮ ದೇಶದ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ವರೆಗೆ ನಡೆಯುತ್ತದೆ. ಬೆಂಗಳೂರಿನ ಕಾವೇರಿ ನೀರು 500ಕ್ಕಿಂತ ಬಹಳ ಕೆಳಗಿದೆ. ಅದಕ್ಕೆ ಆರ್‌ಓ ಹಾಕಿ, ಒಂದು ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲುವುದು ನನ್ನ ಪ್ರಕಾರ ದಂಡ. ಪಾವಗಡ, ಚಿಕ್ಕಬಳ್ಳಾಪುರ ಕಡೆಯ ಮಾತು ಬೇರೆ. ಅಲ್ಲಿ ಟಿಡಿಎಸ್ ಪರವಾಗಿಲ್ಲ ಅನ್ನಿಸಿದರೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿರಬಹುದು. ನೀರನ್ನು ಸರ್ಕಾರಿ ಲ್ಯಾಬಿಗೆ ಕೊಟ್ಟು ಫ್ಲೋರೈಡ್, ನೈಟ್ರೇಟ್ ಬೇರೆಯಾಗಿ ಬರೆಸಿಕೊಳ್ಳಿ, ಗಣಿ ಕಡೆಯವರು ಆರ್ಸೆನಿಕ್ ಕೂಡ. ಫ್ಲೋರೈಡ್ ಜಾಸ್ತಿ ಬಂದರೆ ಆರ್‌ಓ ಹಾಕಿ. ಪೈಪಿನಿಂದ ಹೊರಗೆ ಹೋಗುವ ನೀರಿನಲ್ಲಿ ಆ ಫ್ಲೋರೈಡ್ ಎಲ್ಲ ಗಾಢವಾಗಿ ಇರುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಮಾತ್ರ ಬಿಡಬೇಡಿ.